ತೆಂಗಿನ ತೋಟಕ್ಕೆ ಇಳಿದ ಹಾಡುಗಳು

ನಮ್ಮ ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿ ಆಕಾಶವನ್ನು ಇಡಿಯಾಗಿ ಕಾಣಬೇಕೆನ್ನುವವರು ಕೆರೆಯ ಏರಿಯನ್ನೋ ಗುಡ್ಡದ ನೆತ್ತಿಯನ್ನೋ ಹತ್ತಬೇಕು. ಮನೆಯಂಗಳದಲ್ಲಿ ನಿಂತವರಿಗೆ ಕಾಣುವುದು ತೆಂಗಿನ ಗರಿಗಳ ನಡುವೆ ಹರಿದು ಹಂಚಿಹೋದ ಆಕಾಶ. ಹೀಗಿರುವಲ್ಲಿ, ಆಕಾಶದ ಒಂದು ನಿರ್ದಿಷ್ಟ ಬಿಂದುವನ್ನು, ಅದೂ ಕಣ್ಣಿಗೆ ಕಾಣದ ಬಿಂದುವನ್ನು, ಹುಡುಕುತ್ತ ನಾನೂ ನನ್ನ ತಂದೆಯವರೂ 2006ರ ಬೇಸಗೆಯ ಒಂದು ಭಾನುವಾರವಿಡೀ ತಾರಸಿಯ ಮೇಲೆ ಅಲೆದದ್ದನ್ನು ನೆನೆದರೆ ಈಗಲೂ ನಗೆ ಬರುತ್ತದೆ. ನನ್ನ ಕೈಯಲ್ಲಿ ಅಂಗೈಯಗಲದ ಒಂದು ಚಪ್ಪಟೆ ಹಲಗೆ. ಅದರ ಬಾಲದಂತೆ ಒಂದು ತಂತಿ. ತಂತಿಯ ತುದಿಗೆ ಒಂದು ರೇಡಿಯೋ. ಹಲಗೆಯನ್ನು ಪೂರ್ವಕ್ಕೂ ಆಗ್ನೇಯಕ್ಕೂ ನಡುವೆ ತಿರುಗಿಸಿ, ದಿಗಂತಕ್ಕೂ ನೆತ್ತಿಗೂ ಮಧ್ಯದಿಂದ ತುಸು ಮೇಲಕ್ಕೆ ಎತ್ತಿ ಹಿಡಿಯಬೇಕು. ಲೆಕ್ಕಕ್ಕೆ ಸುಲಭ, ಆದರೆ ಆ ದಿಕ್ಕಿನಲ್ಲಿ ನಮ್ಮ ಅಜ್ಜ ನೆಟ್ಟ ನಾಲ್ಕು ತೆಂಗಿನ ಮರಗಳಿದ್ದವು. ಗಾಳಿ ನಿಂತಾಗ ಹಾಡು ಬರುತ್ತಿತ್ತು. ಗರಿ ಅಲ್ಲಾಡಿದೊಡನೆ ನಿಂತುಹೋಗುತ್ತಿತ್ತು. ನೆರೆಯವರೊಬ್ಬರು ಒಂದು ಮರವನ್ನು ತೆಗೆಸಿಬಿಡಿ ಎಂದು ಸಲಹೆಯಿತ್ತರು. ಹಾಡಿಗಾಗಿ ಫಲದ ಮರವನ್ನು ಕಡಿಯುವ ಮಾತು ತಂದೆಯವರ ಕಿವಿಗೆ ಹೋಗುವಂತೆಯೇ ಇರಲಿಲ್ಲ. ಕಡೆಗೆ ದನದ ಕೊಟ್ಟಿಗೆಯ ಮಗ್ಗುಲಿಗೆ ಒಂದು ಬಿದಿರು ಗಳುವನ್ನು ನಿಲ್ಲಿಸಿ, ಎರಡು ಮರಗಳ ಸಂದಿನಿಂದ ಆಕಾಶಕ್ಕೆ ದಾರಿ ಮಾಡಿಕೊಂಡೆವು. ಸಂಜೆಯ ಹೊತ್ತಿಗೆ ಹಾಡು ನಿಂತಲ್ಲಿ ನಿಂತಿತು.

ಅದು ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ಬಾನುಲಿ. ಈಗಿನ ವಿದ್ಯಾರ್ಥಿಗಳಲ್ಲಿ ಅದರ ಹೆಸರು ಕೇಳಿದವರು ನನಗೆ ಸಿಕ್ಕಿಲ್ಲ. ಮೂರೂವರೆ ವರ್ಷ ನಾನು ಅದರಲ್ಲಿ ಕೇಳಿದ ಹಾಡುಗಳನ್ನು ಮೂರು ನೋಟುಪುಸ್ತಕಗಳಲ್ಲಿ ಬರೆದಿಟ್ಟಿದ್ದೇನೆ. ತಾರೀಖು, ವಾಹಿನಿ, ಹಾಡು, ಹಾಡಿದವರು ಎಂದು ನಾಲ್ಕು ಅಂಕಣ. ಕನ್ನಡದ ಮೇಷ್ಟರಿಗೆ ಇಂಥ ಚಟಗಳು ಇರುವುದು ಸಹಜ. ಮೊನ್ನೆ ಆ ಪುಸ್ತಕಗಳನ್ನು ತಿರುವಿಹಾಕುತ್ತಿದ್ದಾಗ, ಬರೆಯುವಾಗ ಹೊಳೆಯದಿದ್ದ ಒಂದು ಸಂಗತಿ ಹೊಳೆಯಿತು: ಕನ್ನಡನಾಡಿನ ಹಾಡಿನ ಚರಿತ್ರೆಯನ್ನು ಬರೆಯಹೊರಟವನು ಕನ್ನಡದ ವಾಹಿನಿಯೊಂದನ್ನೇ ಕೇಳಿ ಕುಳಿತರೆ ಮುಕ್ಕಾಲು ಪಾಲನ್ನು ಕಳೆದುಕೊಳ್ಳುತ್ತಾನೆ. ಇನ್ನೊಂದು ಸಂಗತಿಯೂ ಹೊಳೆಯಿತು. ಅದು ಅಷ್ಟು ಸಂತೋಷದ್ದಲ್ಲ. ಅದನ್ನು ಕಡೆಗೆ ಹೇಳುತ್ತೇನೆ.

ಮೊದಲು ಈ ಬಾನುಲಿಯ ಹಿನ್ನೆಲೆ. ರೇಡಿಯೋ ಎಂಬುದು ನಮ್ಮ ನಾಡಿಗೆ ಹೊಸದಲ್ಲ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರಯಂತ್ರವನ್ನಿಟ್ಟು ನುಡಿಸಿದ ಬಾನುಲಿಗೆ ‘ಆಕಾಶವಾಣಿ’ ಎಂದು ಹೆಸರಾಯಿತು. ಮುಂದೆ ಆ ಹೆಸರನ್ನೇ ಇಡೀ ದೇಶದ ರೇಡಿಯೋ ಧರಿಸಿತು. ಧಾರವಾಡದ ನಿಲಯ 1950ರಲ್ಲಿಯೂ ಬೆಂಗಳೂರಿನದು 1955ರಲ್ಲಿಯೂ ಆರಂಭವಾದವು. ಆದರೆ ಅವೆಲ್ಲವೂ ನೆಲದ ಮೇಲೆ ಕಂಬ ನೆಟ್ಟು ಮಾತಾಡುವ ರೇಡಿಯೋಗಳು. ಆಕಾಶದಲ್ಲಿಯೇ ಕಂಬ ನೆಡುವ ಯೋಚನೆಯನ್ನು ರೇಡಿಯೋಕ್ಕೆ ಹೂಡಿದವರು ಇಥಿಯೋಪಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೋವಾ ಸಮಾರಾ. ಆಫ್ರಿಕದ ಹಳ್ಳಿಗಳಿಗೆ ಏಡ್ಸ್ ರೋಗದ ತಿಳಿವಳಿಕೆಯನ್ನು ಮುಟ್ಟಿಸುವ ದಾರಿ ಯಾವುದೆಂಬ ಚಿಂತೆಯಿಂದ ಹುಟ್ಟಿದ ಯೋಚನೆ ಅದು. 1990ರಲ್ಲಿ ಕಂಪನಿ ಕಟ್ಟಿ, 1998ರಲ್ಲಿ ಆಫ್ರಿಸ್ಟಾರ್, 2000ದ ಮಾರ್ಚಿಯಲ್ಲಿ ಏಷ್ಯಾಸ್ಟಾರ್ ಎಂಬ ಉಪಗ್ರಹಗಳನ್ನು ಅವರು ಮೇಲಕ್ಕೆ ಕಳುಹಿಸಿದರು. ಏಷ್ಯಾಸ್ಟಾರ್ ನಿಂತದ್ದು 105 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾತ್ರಾದ ಪೂರ್ವ ಕರಾವಳಿಯ ನೆತ್ತಿಯ ಮೇಲೆ, ಸಮಭಾಜಕ ವೃತ್ತದಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ತಾನೂ ತಿರುಗುವುದರಿಂದ ಅದು ನಮ್ಮ ಪಾಲಿಗೆ ನಿಂತಲ್ಲೇ ನಿಂತ ನಕ್ಷತ್ರ. ನೆಲದಿಂದ ಹೊರಟ ಹಾಡು ಅಲ್ಲಿಗೆ ಹೋಗಿ ನಮ್ಮ ಕೊಟ್ಟಿಗೆಯ ಗಳುವಿಗೆ ಇಳಿದು ಬರುವುದಕ್ಕೆ ಹಿಡಿಯುತ್ತಿದ್ದ ಕಾಲ ಸೆಕೆಂಡಿನ ಕಾಲು ಭಾಗ. ತಿಪಟೂರಿಗೆ ಹೋಗುವ ಬಸ್ಸು ನಮ್ಮೂರ ನಿಲ್ದಾಣದಲ್ಲಿ ಕಾಯಿಸುತ್ತಿದ್ದ ಹೊತ್ತಿನೊಡನೆ ಇದನ್ನು ಹೋಲಿಸಿ ತಂದೆಯವರು ಬೆರಗಾಗುತ್ತಿದ್ದರು.

ಈ ಕಂಪನಿಯ ಭಾರತದ ಕೇಂದ್ರವಿದ್ದದ್ದು ಬೆಂಗಳೂರಿನಲ್ಲಿ. ವರ್ಷಚಂದಾ ಕೊಟ್ಟವರಿಗೆ ಹತ್ತಾರು ವಾಹಿನಿಗಳು. ಒಂದೊಂದಕ್ಕೆ ಒಂದೊಂದು ಹೆಸರು. ಕನ್ನಡಕ್ಕೆ ‘ಸ್ಪರ್ಶ’, ಕರ್ಣಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದೂಸ್ತಾನಿಗೆ ‘ಗಾಂಧರ್ವ’, ಹಳೆಯ ಹಿಂದೀ ಚಿತ್ರಗೀತೆಗಳಿಗೆ ‘ಫರಿಶ್ತಾ’, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ‘ಮಾಯೆಸ್ಟ್ರೋ’. ಕಿರಾಣಿ ಅಂಗಡಿಯ ಡಬ್ಬಗಳಂತೆ ಬೇಳೆ ಬೇರೆ, ಬೆಲ್ಲ ಬೇರೆ. ನಮ್ಮ ಆಕಾಶವಾಣಿಯಲ್ಲಿ ಹಾಗಲ್ಲ. ಕೃಷಿರಂಗವಾದ ಮೇಲೆ ವಾರ್ತೆ, ವಾರ್ತೆಯಾದ ಮೇಲೆ ವೀಣೆ, ವೀಣೆಯಾದ ಮೇಲೆ ಚಿತ್ರಗೀತೆ ಎಂದು ಎಲ್ಲವೂ ಒಂದೇ ಎಲೆಯ ಮೇಲಿನ ಊಟ. ಡಬ್ಬಗಳ ಪದ್ಧತಿಯಲ್ಲಿ ಸೌಕರ್ಯವಿತ್ತು, ಸಂದೇಹವಿಲ್ಲ. ಆದರೆ ಹಾಡುಗಳಿಗೆ ಡಬ್ಬದ ಮೇಲಿನ ಹೆಸರು ತಿಳಿಯದು. ಅವು ಒಂದರಿಂದ ಇನ್ನೊಂದಕ್ಕೆ ದಾಟುತ್ತಲೇ ಇದ್ದವು.

ತಂದೆಯವರ ಪರಿಚಯವನ್ನು ಇಲ್ಲಿ ಹೇಳಬೇಕು. ಅವರು ಪೇಟಿ ಮೇಷ್ಟರು. ಎಂದರೆ ಹಾರ್ಮೋನಿಯಂ ನುಡಿಸಿ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವವರು. ಕೊಬ್ಬರಿ ಮಾರಿದ ಕೈಯಲ್ಲಿ ಕಾಸಾಡುವ ದಿನಗಳಲ್ಲಿ ಹುಳಿಯಾರು, ಹಂದನಕೆರೆ, ಕಂದಿಕೆರೆ, ಶೆಟ್ಟಿಕೆರೆಯ ಕಡೆಯ ಊರುಗಳಿಂದ ಅವರಿಗೆ ಕರೆ ಬರುತ್ತಿತ್ತು. ಎರಡು ಮೂರು ತಿಂಗಳ ತಾಲೀಮು, ಒಂದು ರಾತ್ರಿಯ ನಾಟಕ. ಹೆಚ್ಚಾಗಿ ‘ಕುರುಕ್ಷೇತ್ರ’. ಓದು ಬಾರದ ರೈತನ ಬಾಯಲ್ಲಿ ದುರ್ಯೋಧನನ ಕಂದಪದ್ಯವನ್ನು ಶ್ರುತಿ ತಪ್ಪದಂತೆ ಹಾಡಿಸುವುದು ಅವರ ವಿದ್ಯೆ. ನಾನು ಸಂಬಳದ ಹಣದಲ್ಲಿ ಈ ರೇಡಿಯೋ ತಂದಾಗ ಅವರಿಗೆ ವಯಸ್ಸಾಗಿತ್ತು. ಕೀಲುನೋವಿನಿಂದ ಬೆರಳು ಬಾಗುತ್ತಿರಲಿಲ್ಲ. ಪೇಟಿ ಅಟ್ಟ ಸೇರಿತ್ತು. ಹಾಗಾಗಿ ಕೇಳುವುದೊಂದೇ ಅವರಿಗೆ ಉಳಿದಿದ್ದ ಕೆಲಸ.

ಒಂದು ಬೆಳಗ್ಗೆ ‘ಗಾಂಧರ್ವ’ದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಹಾಡುತ್ತಿದ್ದರು. ತಂದೆಯವರು ಕಾಫಿಯ ಲೋಟವನ್ನು ಕೆಳಗಿಟ್ಟು, “ಈ ತಿರುವು ನಮ್ಮ ದ್ರೌಪದಿಯದು ಕಣಯ್ಯ” ಎಂದರು. ನಾನು ನಕ್ಕೆ. ಅಲ್ಲಾದಿಯಾ ಖಾನರ ಮನೆತನದ ಗಾಯಕಿಗೂ ಕಂದಿಕೆರೆಯ ಬಯಲಿನಲ್ಲಿ ಸೀರೆಯುಟ್ಟು ನಿಂತ ಗಂಡು ದ್ರೌಪದಿಗೂ ಎಲ್ಲಿಯ ನಂಟು? ಆದರೆ ಆಮೇಲೆ ಪುಸ್ತಕ ತೆರೆದು ನೋಡಿದಾಗ ನಕ್ಕದ್ದಕ್ಕೆ ನಾಚಿಕೆಯಾಯಿತು. ಮನ್ಸೂರರು ಹುಟ್ಟಿದ್ದು 1910ರಲ್ಲಿ, ಧಾರವಾಡದ ಬಳಿಯ ಮನಸೂರಿನಲ್ಲಿ. ಅವರು ಬಾಲಕರಾಗಿ ಮೊದಲು ಹಾಡಿದ್ದು ನಾಟಕ ಕಂಪನಿಯಲ್ಲಿ. ಅವರ ಗುರು ನೀಲಕಂಠಬುವಾ ಅವರನ್ನು ಗುರುತಿಸಿದ್ದೂ ಆ ರಂಗದ ಮೇಲೆಯೇ. ಮರಾಠಿಯ ನಾಟಕ ಮಂಡಳಿಗಳು ಹಿಂದೂಸ್ತಾನಿ ರಾಗಗಳನ್ನು ರಂಗಕ್ಕೆ ತಂದವು. ಕನ್ನಡದ ಕಂಪನಿಗಳು ಅವನ್ನು ಕಲಿತವು. ನಮ್ಮ ನೆರೆಯ ಗುಬ್ಬಿಯಲ್ಲಿ ಹುಟ್ಟಿ ಬೆಳೆದ ವೀರಣ್ಣನವರ ಕಂಪನಿಯಂಥವು ಅವನ್ನು ಊರೂರಿಗೂ ಹೊತ್ತವು. ಕಂಪನಿಯನ್ನು ಬಿಟ್ಟುಬಂದ ಪೇಟಿಯವರು ಹಳ್ಳಿಯ ಮೇಷ್ಟರುಗಳಿಗೆ ಕಲಿಸಿದರು. ಭೀಮಪಲಾಸ, ಕಾಫಿ, ಝಿಂಝೋಟಿಗಳು ಧಾರವಾಡದಿಂದ ನಮ್ಮ ತೋಟಗಳಿಗೆ ನಡೆದು ಬಂದ ದಾರಿ ಇದು. ವಿದ್ವಾಂಸರ ಗ್ರಂಥಗಳಲ್ಲಿ ಅರ್ಧ ಪುಟದಲ್ಲಿ ಮುಗಿಯುವ ಈ ಸಂಗತಿಯನ್ನು ತಂದೆಯವರು ಒಂದು ತಿರುವಿನಲ್ಲಿ ಹಿಡಿದಿದ್ದರು.

ಗಾಂಧರ್ವ ವಾಹಿನಿಯನ್ನು ವಾರವಿಡೀ ಕೇಳಿದವನಿಗೆ ಕನ್ನಡ ನೆಲದ ಧ್ವನಿ ದಿನಕ್ಕೊಮ್ಮೆಯಾದರೂ ಕೇಳಿಸದೆ ಇರುತ್ತಿರಲಿಲ್ಲ: ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಕುಮಾರ ಗಂಧರ್ವ, ಭೀಮಸೇನ ಜೋಶಿ. ಜೋಶಿಯವರ ಕಥೆ ಬಲ್ಲದ್ದೇ. ಗದಗಿನ ಹುಡುಗ ಗ್ರಾಮಫೋನು ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯನ್ನು ಕೇಳಿ, ಹಾಗೆ ಹಾಡುವುದನ್ನು ಕಲಿಯಲೇಬೇಕೆಂದು ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಓಡಿದ. ಯಂತ್ರದಿಂದ ಬಂದ ಹಾಡು ಹಾಡೇ ಅಲ್ಲ ಎನ್ನುವ ಹಿರಿಯರಿಗೆ ನಾನು ಕೊಡುವ ಉತ್ತರ ಇದೊಂದೇ. 1966ರ ‘ಸಂಧ್ಯಾರಾಗ’ ಚಿತ್ರದಲ್ಲಿ ಅದೇ ಜೋಶಿಯವರೂ ಬಾಲಮುರಳಿಕೃಷ್ಣರೂ ಜಿ. ಕೆ. ವೆಂಕಟೇಶರ ಸಂಗೀತದಲ್ಲಿ ಕನ್ನಡಕ್ಕೆ ಹಾಡಿದರು. ಅನಕೃ ಅವರ ಕಾದಂಬರಿ, ರಾಜಕುಮಾರರ ಅಭಿನಯ, ಕಿರಾಣಾ ಗಾಯಕರ ಕಂಠ, ಕರ್ಣಾಟಕ ಸಂಗೀತದ ವಿದ್ವಾಂಸರ ಕಂಠ. ಈ ಹಾಡುಗಳನ್ನು ಯಾವ ಡಬ್ಬಕ್ಕೆ ಹಾಕೋಣ?

‘ಫರಿಶ್ತಾ’ದಲ್ಲಿ ಒಂದು ರಾತ್ರಿ 1943ರ ‘ಕಿಸ್ಮತ್’ ಚಿತ್ರದ ಹಾಡೊಂದು ಬಂದಿತು. ಮೋಡಕ್ಕೆ ಮೆಲ್ಲಗೆ ಬಾರೆಂದು ಹೇಳುವ, ಜೋಗುಳದಂಥ ಹಾಡು. ಸಂಗೀತ ಅನಿಲ್ ಬಿಸ್ವಾಸರದು; ಹಾಡಿದವರು ಅಮೀರಬಾಯಿ ಕರ್ನಾಟಕಿ. ಬೀಳಗಿಯ ಹೆಣ್ಣುಮಗಳು, ನಾಟಕದ ಹಾಡಿನಿಂದ ಬೆಳೆದು ಮುಂಬಯಿಗೆ ಹೋದವರು. ಲತಾ ಮಂಗೇಶ್ಕರರ ಯುಗ ಆರಂಭವಾಗುವುದಕ್ಕೆ ಮೊದಲು ಹಿಂದೀ ಚಿತ್ರದ ಹಾಡು ಕೇಳಿದ ಇಡೀ ಉತ್ತರದೇಶಕ್ಕೆ ಅವರ ಕಂಠ ಪರಿಚಿತವಾಗಿತ್ತು. ತಮ್ಮ ಹೆಸರಿನಲ್ಲಿಯೇ ನಾಡಿನ ಹೆಸರನ್ನು ಇಟ್ಟುಕೊಂಡಿದ್ದರೂ, ರಹಮತ್ ತರೀಕೆರೆಯವರು ಅವರ ಬದುಕನ್ನು ಹುಡುಕಿ ಪುಸ್ತಕ ಬರೆಯುವವರೆಗೆ ನಮ್ಮಲ್ಲಿ ಬಹುಮಂದಿಗೆ ಅವರು ಯಾರೆಂದು ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ. ತಂದೆಯವರಿಗೆ ತಿಳಿದಿತ್ತು. ತಿಪಟೂರಿನ ಕೊಬ್ಬರಿ ಪೇಟೆಗೆ ತಮ್ಮ ತಂದೆಯ ಜೊತೆ ಗಾಡಿಯಲ್ಲಿ ಹೋದಾಗ ಹೋಟೆಲೊಂದರ ಗ್ರಾಮಫೋನಿನಲ್ಲಿ ಆ ಕಂಠವನ್ನು ಕೇಳಿದ್ದರಂತೆ.

‘ಶ್ರುತಿ’ಯ ಮಾತು ಬೇರೆ. ಅಲ್ಲಿ ಹಾಡಿನ ಭಾಷೆ ಹೆಚ್ಚಾಗಿ ತೆಲುಗು, ಹಾಡುವವರು ಹೆಚ್ಚಾಗಿ ತಮಿಳರು. ಆದರೆ ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಕೃತಿಯನ್ನು ನಾನು ಎಷ್ಟು ಕಂಠಗಳಲ್ಲಿ ಕೇಳಿದೆನೋ ಲೆಕ್ಕವಿಲ್ಲ. 1980ರ ‘ಶಂಕರಾಭರಣಂ’ ಚಿತ್ರದ ಮೂಲಕ ಅದು ಸಂಗೀತ ಬಾರದವರ ಬಾಯಿಗೂ ಬಂದಿತು; ತ್ಯಾಗರಾಜರದೆಂದು ತಿಳಿದವರೂ ಉಂಟು. ಅದು ಮೈಸೂರು ವಾಸುದೇವಾಚಾರ್ಯರ ರಚನೆ. ಮೈಸೂರಿನ ಆಸ್ಥಾನ ವಿದ್ವಾಂಸರು, ಕಡೆಗಾಲದಲ್ಲಿ ಮದರಾಸಿನ ಕಲಾಕ್ಷೇತ್ರದಲ್ಲಿ ಪಾಠ ಹೇಳಿದವರು. ಹಾಡು ಕಟ್ಟಿದ್ದು ಬಹುಮಟ್ಟಿಗೆ ತೆಲುಗಿನಲ್ಲಿ, ಸಂಸ್ಕೃತದಲ್ಲಿ. ಆದರೆ ತಾವು ಕಂಡ ಸಂಗೀತಗಾರರನ್ನು ಕುರಿತು ಬರೆಯುವಾಗ ಅವರು ಆರಿಸಿಕೊಂಡದ್ದು ಕನ್ನಡವನ್ನು. ‘ನಾ ಕಂಡ ಕಲಾವಿದರು’ ನಮ್ಮ ಗದ್ಯದ ಸೊಗಸಾದ ಪುಸ್ತಕಗಳಲ್ಲಿ ಒಂದು. ತರಗತಿಯಲ್ಲಿ ಅದರ ಮಾತು ಬಂದಾಗಲೆಲ್ಲ, ಈ ಲೇಖಕರ ಹಾಡನ್ನು ನೀವು ಕೇಳಿದ್ದೀರಿ ಎಂದು ವಿದ್ಯಾರ್ಥಿಗಳಿಗೆ ಹೇಳಿ ಅವರ ಆಶ್ಚರ್ಯವನ್ನು ನೋಡುವುದು ನನಗೊಂದು ಸಂತೋಷ.

ಎಲ್ಲಕ್ಕಿಂತ ಹೆಚ್ಚಿನ ಆಶ್ಚರ್ಯ ಕಾದಿದ್ದದ್ದು ‘ಮಾಯೆಸ್ಟ್ರೋ’ದಲ್ಲಿ. ಪಾಶ್ಚಾತ್ಯ ಸಂಗೀತ ನನಗೆ ತಿಳಿಯದು. ವಾಹಿನಿ ತಿರುಗಿಸುವಾಗ ಒಂದು ಸಂಜೆ ಕೈ ಅಲ್ಲಿ ನಿಂತಿತು. ಒಬ್ಬ ಹೆಂಗಸು ದೊಡ್ಡ ವಾದ್ಯವೃಂದದ ನಡುವೆ ಹಾಡುತ್ತಿದ್ದಳು. ಹಾಡು ಮುಗಿದ ಮೇಲೂ ಒಂದು ಕೊಂಬುವಾದ್ಯ ತನ್ನ ಪಾಡಿಗೆ ಮಾತಾಡುತ್ತಿತ್ತು. “ಕೊಂಬಿನವನು ಗಟ್ಟಿಗ, ಉಸಿರು ನೋಡು” ಎಂದರು ತಂದೆಯವರು. ಪುಸ್ತಕದಲ್ಲಿ ‘ರಿಚರ್ಡ್ ಸ್ಟ್ರಾಸ್, ನಾಲ್ಕು ಕೊನೆಯ ಹಾಡುಗಳು’ ಎಂದು ಬರೆದುಕೊಂಡೆ. ಜರ್ಮನಿಯ ಆ ಸಂಗೀತಗಾರ ತನ್ನ 84ನೆಯ ವಯಸ್ಸಿನಲ್ಲಿ, 1948ರಲ್ಲಿ, ಇವನ್ನು ಕಟ್ಟಿ ಮರುವರ್ಷ ತೀರಿಕೊಂಡ. ತಾನು ಅವನ್ನು ಕೇಳಲಿಲ್ಲ. ಮೊದಲ ಬಾರಿಗೆ ಅವು ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಟ್, ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಚೇರಿಗೆ ಹಣದ ಬೆಂಬಲವಿತ್ತವರು ನಮ್ಮ ಜಯಚಾಮರಾಜ ಒಡೆಯರು! ಫಿಲಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರೂ ಅವರೇ. ರಷ್ಯದ ಸಂಗೀತಗಾರ ನಿಕೋಲಾಯ್ ಮೆಟ್ನರ್ ಲಂಡನ್ನಿನಲ್ಲಿ ಬಡತನದಲ್ಲಿ ಮುಪ್ಪಾಗುತ್ತಿದ್ದಾಗ ಅವನ ರಚನೆಗಳನ್ನು ತಟ್ಟೆಗಳಲ್ಲಿ ಮುದ್ರಿಸಲು ಹಣ ಕೊಟ್ಟವರೂ ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಚೆರ್ಟೋವನ್ನು ಅವರಿಗೆ ಅರ್ಪಿಸಿದ್ದಾನೆ. ಅದೇ ಒಡೆಯರು ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿ ‘ಶ್ರುತಿ’ ವಾಹಿನಿಗೂ ಬೇಕಾದವರಾಗಿದ್ದರು. ಒಬ್ಬ ಮೈಸೂರಿನವರು ಎರಡು ಡಬ್ಬಗಳಲ್ಲಿ.

ಇನ್ನು ಕನ್ನಡದ್ದೇ ಆದ ‘ಸ್ಪರ್ಶ’. ಅಲ್ಲಿ ಚಿತ್ರಗೀತೆ ಹೆಚ್ಚು. ನಡುನಡುವೆ ಭಾವಗೀತೆ, ಜನಪದ, ದಾಸರ ಪದ. ಕವಿತೆಯನ್ನು ಹಾಡುವುದು ಕನ್ನಡದಲ್ಲಿ ಒಂದು ಪರಂಪರೆಯೇ ಆದುದು ಪಿ. ಕಾಳಿಂಗರಾಯರಿಂದ, ಅದನ್ನು ಮನೆಮನೆಯ ವಸ್ತುವಾಗಿಸಿದ್ದು 1978ರ ‘ನಿತ್ಯೋತ್ಸವ’ ಧ್ವನಿಸುರುಳಿ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗ ಸಂಯೋಜನೆ. ಕವಿತೆಯ ಪುಸ್ತಕವನ್ನು ಮುಟ್ಟದ ಮನೆಗಳಲ್ಲೂ ಕವಿಯ ಸಾಲುಗಳು ಅಡಿಗೆಯೊಡನೆ ಬೇಯತೊಡಗಿದ್ದು ಆಗಿನಿಂದ. ನಾನು ಕನ್ನಡ ಎಂ.ಎ. ಓದಬೇಕೆಂದು ನಿರ್ಧರಿಸಿದ್ದಕ್ಕೆ ಆ ಸುರುಳಿಯೂ ಒಂದು ಕಾರಣ. ಆದರೆ ತಂದೆಯವರಿಗೆ ಒಪ್ಪಿಗೆಯಾದವರು ಸಿ. ಅಶ್ವತ್ಥರು. ಶಿಶುನಾಳ ಷರೀಫರ ತತ್ತ್ವಪದಗಳನ್ನು ಅವರು ಹಾಡಿದಾಗ, 1889ರಲ್ಲಿ ತೀರಿಕೊಂಡ ಒಬ್ಬ ಅನುಭಾವಿ ಬೆಂಗಳೂರಿನ ಬಸ್ಸುಗಳಲ್ಲಿ ಹಾಡತೊಡಗಿದ. “ಇವನ ಗಂಟಲು ಬಯಲಿಗೆ ಹಾಡುವವನದು, ಕಡೆಯ ಸಾಲಿನವನಿಗೆ ಕೇಳಿಸಬೇಕೆಂದು ಹಾಡುತ್ತಾನೆ” ಎನ್ನುತ್ತಿದ್ದರು ತಂದೆಯವರು. ಅಶ್ವತ್ಥರು ಬೆಳೆದದ್ದು ರಂಗಭೂಮಿಯ ಸಂಗೀತದಲ್ಲಿ. ಅದನ್ನೂ ನಾನು ಆಮೇಲೆಯೇ ತಿಳಿದದ್ದು.

ಹೀಗೆ ಐದು ವಾಹಿನಿಗಳಲ್ಲಿಯೂ ಕನ್ನಡನಾಡು ಸಿಕ್ಕಿತು ಎಂದು ನಾನು ಹಿಗ್ಗುತ್ತಿದ್ದ ದಿನಗಳಲ್ಲಿ ತಂದೆಯವರು ಒಮ್ಮೆ, “ಎಲ್ಲವೂ ಬಂದಿತು, ನಮ್ಮದೊಂದು ಬರಲಿಲ್ಲ” ಎಂದರು. ನಮ್ಮದು ಎಂದರೆ ಪೇಟಿಯ ನಾಟಕದ ಹಾಡು. ದೂರಿನ ಧ್ವನಿಯಲ್ಲಿ ಹೇಳಿದ ಮಾತಲ್ಲ ಅದು. ಮಳೆ ಬರಲಿಲ್ಲ ಎಂದಂತೆ ಹೇಳಿದರು. ಈ ಹಾಡಿಗೂ ರೇಡಿಯೋಕ್ಕೂ ಹಳೆಯ ಮನಸ್ತಾಪವೊಂದಿದೆ. ಹಾರ್ಮೋನಿಯಂ ಪರದೇಶದ ವಾದ್ಯ, ಅದರ ಸ್ಥಿರಸ್ವರಗಳಲ್ಲಿ ನಮ್ಮ ಗಮಕಗಳು ನುಡಿಯವು ಎಂದು 1940ರಲ್ಲಿ ಅಖಿಲ ಭಾರತ ರೇಡಿಯೋ ಅದನ್ನು ತನ್ನ ನಿಲಯಗಳಿಂದ ಹೊರಗಿಟ್ಟಿತು. ಸುಮಾರು ಮೂರು ದಶಕಗಳ ಮೇಲೆ ಆ ನಿಷೇಧ ಸಡಿಲವಾಯಿತು. ಶಾಸ್ತ್ರದ ದೃಷ್ಟಿಯಿಂದ ಆ ವಾದದಲ್ಲಿ ತಥ್ಯವಿರಬಹುದು. ಆದರೆ ನಮ್ಮ ಹಳ್ಳಿಗಳಿಗೆ ಸಂಗೀತ ಬಂದದ್ದೇ ಆ ಪೆಟ್ಟಿಗೆಯಲ್ಲಿ. ತಂದೆಯವರು ಪೇಟಿ ಕಲಿತು ನುಡಿಸಿದ ಯೌವನದ ವರ್ಷಗಳೆಲ್ಲ ಆ ನಿಷೇಧದ ಕಾಲಕ್ಕೆ ಸೇರಿದವು. ಬಾಗಿಲು ತೆರೆಯುವ ಹೊತ್ತಿಗೆ ಆ ಕಡೆ ನೋಡುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು.

2008ರ ಅಕ್ಟೋಬರಿನಲ್ಲಿ ವರ್ಲ್ಡ್‌ಸ್ಪೇಸ್ ಕಂಪನಿ ಅಮೆರಿಕದ ನ್ಯಾಯಾಲಯದಲ್ಲಿ ದಿವಾಳಿ ಅರ್ಜಿ ಹಾಕಿತು. ಎರಡು ಉಪಗ್ರಹಗಳ ಸಾಲ ದೊಡ್ಡದು, ಚಂದಾದಾರರು ಸಾಲದು, ಇದ್ದವರಲ್ಲಿ ಬಹುಪಾಲು ಭಾರತದವರು. ಅಷ್ಟರಲ್ಲಿ ನಗರಗಳಲ್ಲಿ ಎಫ್‌ಎಂ ರೇಡಿಯೋ ಬಿಟ್ಟಿಯಾಗಿ ಹಾಡುತ್ತಿತ್ತು. ಮೊಬೈಲು ಫೋನುಗಳಲ್ಲಿ ಹಾಡು ತುಂಬಿಕೊಳ್ಳುವುದು ರೂಢಿಯಾಗಿತ್ತು. ಮಾಡಿನ ಕೆಳಗೆ, ಮರದ ಕೆಳಗೆ ಕೆಲಸ ಮಾಡದ ಯಂತ್ರಕ್ಕೆ ಹಣ ಕೊಡುವವರು ಯಾರು? ಆದರೂ ಹಾಡು ಇನ್ನೊಂದು ವರ್ಷ ಬರುತ್ತಲೇ ಇತ್ತು. ಆ 2009ರ ಪುಟಗಳನ್ನು ಈಗ ತಿರುವಿದರೆ ಮನಸ್ಸು ಭಾರವಾಗುತ್ತದೆ. ಜುಲೈ 16ರಂದು ಡಿ. ಕೆ. ಪಟ್ಟಮ್ಮಾಳ್ ತೀರಿಕೊಂಡರು, 21ರಂದು ಗಂಗೂಬಾಯಿ ಹಾನಗಲ್ಲರು. ವರ್ಷದ ಕೊನೆಗೆ, ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಅಶ್ವತ್ಥರು ಹೋದರು. ಮರುದಿನ ಬೆಳಗ್ಗೆ ಚಿತ್ರನಟ ವಿಷ್ಣುವರ್ಧನರು ಹೋದರೆಂಬ ಸುದ್ದಿ ಬಂದಿತು. ಪೇಟೆಯಲ್ಲಿ ಅಂಗಡಿಗಳು ಬಾಗಿಲು ಹಾಕಿದವು. ಅದರ ಮರುದಿನ 31. ಅಂದು ಭಾರತದಲ್ಲಿ ವರ್ಲ್ಡ್‌ಸ್ಪೇಸಿನ ಸೇವೆ ನಿಂತಿತು. ಮನ್ಸೂರರು ಹುಟ್ಟಿದ ದಿನವೂ ಅದೇ ಡಿಸೆಂಬರ್ 31. ಅಂದಿಗೆ ಅವರಿಗೆ 99 ತುಂಬಿ ನೂರನೆಯ ವರ್ಷ ಹಿಡಿಯಬೇಕಾಗಿತ್ತು. ನಾನು ಪುಸ್ತಕದಲ್ಲಿ ತಾರೀಖು ಬರೆದು ಕುಳಿತಿದ್ದೆ. ಉಳಿದ ಮೂರು ಅಂಕಣಗಳು ಖಾಲಿಯಾಗಿಯೇ ಉಳಿದವು. ತಂದೆಯವರು ಗರಿಗೆ ಗಾಳಿ ತಗುಲಿರಬೇಕೆಂದು ತಿಳಿದು ಹೊರಗೆ ಹೋಗಿ ಮರಗಳನ್ನು ನೋಡಿ ಬಂದರು. ಗಾಳಿ ಇರಲಿಲ್ಲ.

ಉಪಗ್ರಹದ ಹಾಡು ಅಲ್ಲಿಗೇ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. 2004ರ ಡಿಸೆಂಬರಿನಲ್ಲಿ ಆರಂಭವಾದ ದೂರದರ್ಶನದ ಡಿಟಿಎಚ್ ಸೇವೆಯಲ್ಲಿ ಆಕಾಶವಾಣಿಯ ವಾಹಿನಿಗಳೂ ಸೇರಿದ್ದವು. 2016ರ ಜನವರಿ 26ರಂದು ಬೆಂಗಳೂರಿನಿಂದ ‘ರಾಗಂ’ ಎಂಬ, ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತವನ್ನೇ ಕೊಡುವ ವಾಹಿನಿಯನ್ನು ಆಕಾಶವಾಣಿ ಡಿಟಿಎಚ್ ಮೂಲಕ ದೇಶಕ್ಕೆಲ್ಲ ಹರಿಸಿತು. ಅಲ್ಲಿ ಹಿಂದೂಸ್ತಾನಿಗೂ ಕರ್ಣಾಟಕಕ್ಕೂ ಒಂದೇ ಮಾಡು. ಡಬ್ಬಗಳ ನಡುವಣ ಒಂದು ಗೋಡೆಯಾದರೂ ಬಿದ್ದಿತು. ದೇಶದ ಇಂಥ ಉಪಗ್ರಹಗಳನ್ನು ಆಕಾಶದಲ್ಲಿ ನೆಲೆ ತಪ್ಪದಂತೆ ಕಾಯುವ ನಿಯಂತ್ರಣ ಕೇಂದ್ರ 1982ರಿಂದ ನಮ್ಮ ನೆರೆಯ ಹಾಸನದಲ್ಲಿದೆ. ಸುಮಾತ್ರಾದ ನೆತ್ತಿಯ ಮೇಲಿನ ಪರದೇಶದ ಉಪಗ್ರಹವನ್ನು ಹುಡುಕುತ್ತ ಬಿದಿರು ನೆಟ್ಟ ನಮಗೆ ಇದು ಆಗ ಹೊಳೆದೇ ಇರಲಿಲ್ಲ. ಈಗಂತೂ ಅಂತರಜಾಲದಲ್ಲಿ ಅಮೀರಬಾಯಿಯೂ ಸಿಕ್ಕುತ್ತಾರೆ, ಫ್ಲಾಗ್‌ಸ್ಟಾಟರೂ ಸಿಕ್ಕುತ್ತಾರೆ. ಆದ್ದರಿಂದ ನನ್ನ ನೋಟುಪುಸ್ತಕಗಳ ಹಾಡುಗಳು ಕಳೆದುಹೋದುವೆಂದು ದುಃಖಿಸುವ ಕಾರಣವಿಲ್ಲ. ಅವು ಒಮ್ಮೆ ತಟ್ಟೆಯಲ್ಲಿ ಮುದ್ರಿತವಾದ ಹಾಡುಗಳು; ಮತ್ತೆ ಎಲ್ಲಿಯಾದರೂ ತಲೆಯೆತ್ತುತ್ತವೆ.

ಕಳೆದುಹೋದದ್ದು ಬೇರೆ. ತಂದೆಯವರು 2012ರಲ್ಲಿ ತೀರಿಕೊಂಡರು. ಕೆಲವು ತಿಂಗಳ ಮೇಲೆ ಮೂರನೆಯ ನೋಟುಪುಸ್ತಕವನ್ನು ಹಿಂದುಮುಂದಾಗಿ ತೆರೆದಾಗ, ಕಡೆಯ ಪುಟಗಳಲ್ಲಿ ಸೀಸದ ಕಡ್ಡಿಯಿಂದ ಅವರು ಬರೆದದ್ದು ಕಂಡಿತು. ನಡುಗುವ ಅಕ್ಷರ. ನಾನು ಕಾಲೇಜಿಗೆ ಹೋದ ಹೊತ್ತಿನಲ್ಲಿ ಬರೆದಿರಬೇಕು. ಎಡಗಡೆಗೆ ರೇಡಿಯೋದಲ್ಲಿ ಕೇಳಿದ ರಾಗ, ಬಲಗಡೆಗೆ ಅದೇ ತಿರುವುಳ್ಳ ನಾಟಕದ ಹಾಡಿನ ಮೊದಲ ಪದ, ಪಾತ್ರದ ಹೆಸರು, ತಾಳ. ಹೀಗೆ 31 ಹಾಡುಗಳು. ಹಳೆಯ ನಾಟಕದ ಪುಸ್ತಕಗಳನ್ನು ಹುಡುಕಿ ಅವುಗಳಲ್ಲಿ ಬಹುಪಾಲಿನ ಸಾಹಿತ್ಯವನ್ನು ಕಲೆಹಾಕಿದ್ದೇನೆ. ಆ ಪುಸ್ತಕಗಳಲ್ಲಿ ಹಾಡಿನ ಮೇಲೆ ರಾಗ, ತಾಳ, ಮಟ್ಟು ಎಂದು ಅಚ್ಚಾಗಿರುತ್ತದೆ. ಮಟ್ಟು ಯಾವುದೆಂದರೆ ಇನ್ನೊಂದು ಹಾಡಿನ ಹೆಸರು. ಆ ಇನ್ನೊಂದು ಹಾಡಿನ ಮಟ್ಟು ಮತ್ತೊಂದರದು. ಹಾಡಿ ತೋರಿಸುವವರು ಇರುವವರೆಗೆ ಆ ಸೂಚನೆ ಸಾಕು. ಅವರು ಹೋದ ಮೇಲೆ ಅದು ಬಾಗಿಲಿಲ್ಲದ ಮನೆಗೆ ಬರೆದ ವಿಳಾಸ.

ಹಲ್ಮಿಡಿ ಶಾಸನವನ್ನು ತರಗತಿಯಲ್ಲಿ ಅಕ್ಷರ ಅಕ್ಷರ ಬಿಡಿಸಿ ಪಾಠ ಹೇಳುವವನು ನಾನು. ಮೂರೂವರೆ ವರ್ಷ ದಿನವೂ ಸಂಜೆ ಪಕ್ಕದಲ್ಲಿ ಕುಳಿತಿದ್ದ ಮನುಷ್ಯನ ಬಾಯಿಂದ ಒಂದು ಹಾಡನ್ನೂ ಧ್ವನಿಮುದ್ರಿಸಿಕೊಳ್ಳಲಿಲ್ಲ. ಜೇಬಿನಲ್ಲಿ ಅದಕ್ಕೆ ತಕ್ಕ ಯಂತ್ರವಿತ್ತು. ಆಕಾಶದಿಂದ ಬರುವುದನ್ನು ಬರೆದುಕೊಳ್ಳುವ ಅವಸರದಲ್ಲಿ ಮಗ್ಗುಲಿನದು ಚರಿತ್ರೆಯೆಂದು ತೋರಲಿಲ್ಲ. ಈಗ ರಜೆ ಬಂದಾಗ ಇಬ್ಬರು ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು, ನಾಟಕ ಕಲಿಸುತ್ತಿದ್ದ ಮುದುಕರು ಯಾರಾದರೂ ಇದ್ದಾರೆಯೇ ಎಂದು ಸುತ್ತಣ ಊರುಗಳಲ್ಲಿ ವಿಚಾರಿಸುತ್ತ ಹೋಗುತ್ತೇನೆ. 31ರಲ್ಲಿ ಇದುವರೆಗೆ ನಾಲ್ಕು ಹಾಡುಗಳ ಮಟ್ಟು ಸಿಕ್ಕಿದೆ. ಕಳೆದ ಬೇಸಗೆಯಲ್ಲಿ ಹಂದನಕೆರೆಯ ಕಡೆ ಸಿಕ್ಕಿದ ನಾಲ್ಕನೆಯದು ದ್ರೌಪದಿಯ ಹಾಡು. ಹಾಡಿದವರಿಗೆ ಎಂಬತ್ತು ದಾಟಿದೆ. ಎರಡನೆಯ ಚರಣ ಮರೆತುಹೋಗಿದೆ. ನೆನಪಾದರೆ ಹೇಳಿಕಳುಹಿಸುತ್ತೇನೆ ಎಂದಿದ್ದಾರೆ.